ಬಂಕಿನ ಇಳಿಜಾರಿನಲ್ಲಿ ಇಂಜಿನ್ ಆಯಿಲ್ ಅಳೆಯಬೇಡಿ

ಮಾನ್ಯ ಸಂಪಾದಕರೆ,

ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿಸಿ, ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಗೇಜ್ ಎಳೆಸಿ, ‘ಆಯಿಲ್ ಕಮ್ಮಿ ಇದೆ ಸಾರ್’ ಎಂದರೆ ಸಾಕು, ಒಂದು ಲೀಟರ್ ಡಬ್ಬ ಪೂರ್ತಿ ಸುರಿಸಿಕೊಂಡು ಹೊರಡುವ ರೂಢಿಯ ಬಗ್ಗೆ ಈ ಪತ್ರ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮೂಲಕ ರಾಷ್ಟ್ರೀಯ ಹೆದ್ದಾರಿ 48, 75 ಮತ್ತು 44 ಹಾದುಹೋಗುತ್ತವೆ. ಬೆಂಗಳೂರು ಬಿಟ್ಟವರು ಮೊದಲು ಬ್ರೇಕ್ ಹಾಕುವುದು ನಮ್ಮ ಕಡೆಯ ಬಂಕುಗಳಲ್ಲೇ. ಹೀಗೆ ತುಂಬಿಸಿಕೊಂಡ ಕಾರುಗಳು ಆಮೇಲೆ ಹೊಗೆ ಬರುತ್ತಿದೆ, ಸೀಲ್ ಲೀಕ್ ಆಗಿದೆ ಎಂದು ಗ್ಯಾರೇಜಿಗೆ ಬರುತ್ತವೆ. ತಣ್ಣಗಾದ ಮೇಲೆ ಸಮತಟ್ಟಿನಲ್ಲಿ ನೋಡಿದರೆ ಆಯಿಲ್ ಗೇಜಿನ ಮೇಲಿನ ಗುರುತಾದ ಮ್ಯಾಕ್ಸ್ ದಾಟಿ ಎಷ್ಟೋ ಮೇಲಿರುತ್ತದೆ. ಆ ಇಂಜಿನ್‌ಗೆ ಬಂಕಿನಲ್ಲಿ ಒಂದು ತೊಟ್ಟು ಆಯಿಲೂ ಬೇಕಿರಲಿಲ್ಲ.

ಇದರಲ್ಲಿ ಬಂಕಿನ ಹುಡುಗರ ತಪ್ಪು ಅರ್ಧ ಮಾತ್ರ. ಗೇಜ್ ನೋಡುವ ಜಾಗವೂ ಸಮಯವೂ ಸರಿಯಿಲ್ಲದಿದ್ದರೆ ಎಂಥ ಪ್ರಾಮಾಣಿಕನ ಕೈಯಲ್ಲೂ ಅದು ಕಮ್ಮಿ ತೋರಿಸುವುದುಂಟು. ಏಕೆಂದರೆ ಓಡುತ್ತಿರುವ ಇಂಜಿನ್‌ನಲ್ಲಿ ಆಯಿಲ್‌ನ ಒಂದು ಪಾಲು ಮೇಲಿರುತ್ತದೆ: ಇಂಜಿನ್‌ನ ಮೇಲ್ಭಾಗವಾದ ಹೆಡ್‌ನಲ್ಲಿ, ಕ್ಯಾಮ್‌ಶಾಫ್ಟಿನ ಸುತ್ತ, ಗೋಡೆಗಳ ಮೇಲೆ, ಟರ್ಬೊ ಇದ್ದರೆ ಅದರ ಪೈಪಿನಲ್ಲಿ. ಇಂಜಿನ್ ಆಫ್ ಮಾಡಿದ ಮೇಲೆ ಅದು ನಿಧಾನವಾಗಿ ಇಂಜಿನ್ ಬುಡದ ಆಯಿಲ್ ತೊಟ್ಟಿಗೆ, ಅಂದರೆ ಚೇಂಬರಿಗೆ ಇಳಿಯಬೇಕು. ಗೇಜ್ ಅಳೆಯುವುದು ಚೇಂಬರಿನಲ್ಲಿ ನಿಂತ ಆಯಿಲನ್ನು ಮಾತ್ರ. ಹೆದ್ದಾರಿಯಿಂದ ಬಂದು, ಕೀ ತಿರುಗಿಸಿ, ಒಂದು ನಿಮಿಷದೊಳಗೆ ಗೇಜ್ ಎಳೆದರೆ ಮೇಲಿನ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಬಹಳಷ್ಟು ಕಾರುಗಳ ಕೈಪಿಡಿಯಲ್ಲಿ ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ ಸುಮಾರು 5 ನಿಮಿಷ ಕಾಯಿರಿ ಎಂದಿರುತ್ತದೆ. 10 ನಿಮಿಷ ಕಾದರೆ ನಷ್ಟವೇನಿಲ್ಲ. ನಿಮ್ಮ ಕಾರಿನ ಪುಸ್ತಕ ಬೇರೆ ಹೇಳಿದರೆ ಅದೇ ಕೊನೆಯ ಮಾತು.

ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ರಾತ್ರಿಯೆಲ್ಲ ನಿಂತ ಇಂಜಿನ್‌ನಲ್ಲಿ ನೋಡುವುದೂ ಒಳ್ಳೆಯದೇ. ಆಗ ಇರುವ ಆಯಿಲೆಲ್ಲ ಚೇಂಬರಿಗೆ ಇಳಿದಿರುತ್ತದೆ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಇಂಜಿನ್ ಆಯಿಲ್ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಹತ್ತಿರಹತ್ತಿರ ಶೇ 0.7ರಷ್ಟು ಹಿಗ್ಗುತ್ತದೆ. 4 ಲೀಟರ್ ಹಿಡಿಯುವ ಇಂಜಿನ್ 25 ಡಿಗ್ರಿಯಿಂದ 90 ಡಿಗ್ರಿಗೆ ಏರಿದರೆ ಸುಮಾರು 180 ಮಿ.ಲೀ.ನಷ್ಟು ಹೆಚ್ಚಳ ಬರುತ್ತದೆ. ಅನೇಕ ಕಾರುಗಳಲ್ಲಿ ಗೇಜಿನ ಕೆಳಗಿನ ಗುರುತಾದ ಮಿನ್‌ನಿಂದ ಮ್ಯಾಕ್ಸ್‌ಗೆ ಸುಮಾರು ಒಂದು ಲೀಟರ್, ಸಣ್ಣ ಇಂಜಿನ್‌ಗಳಲ್ಲಿ ಇನ್ನೂ ಕಡಿಮೆ. ಆದ್ದರಿಂದ ಈ 180 ಮಿ.ಲೀ. ಎಂದರೆ ಗುರುತುಗಳ ನಡುವಿನ ಜಾಗದಲ್ಲಿ ಐದರಲ್ಲೊಂದು ಪಾಲು. ಒಂದು ವಾರ ತಣ್ಣಗಿದ್ದಾಗ, ಮುಂದಿನ ವಾರ ಬಿಸಿಯಲ್ಲಿ ನೋಡಿ ‘ಆಯಿಲ್ ಏರಿದೆ’, ‘ಇಳಿದಿದೆ’ ಎಂದು ಗಾಬರಿಯಾಗುವವರು ಬಹಳ ಮಂದಿ. ಯಾವುದಾದರೂ ಒಂದು ರೀತಿ ಹಿಡಿದು ಪ್ರತಿ ಸಲವೂ ಹಾಗೆಯೇ ನೋಡಿದರೆ ಈ ಗೊಂದಲವಿರುವುದಿಲ್ಲ.

ಎಲ್ಲಕ್ಕಿಂತ ಕೆಟ್ಟ ಅಳತೆ ಯಾವುದು ಗೊತ್ತೆ? ಚಳಿಗಾಲದ ಬೆಳಿಗ್ಗೆ ಶೆಡ್ಡಿನಿಂದ ಹೊರಗೆ ತರಲೆಂದು ಸ್ಟಾರ್ಟ್ ಮಾಡಿ, ನಾಲ್ಕು ಮಾರು ಹಿಂದೆ ತಂದು, ಆಫ್ ಮಾಡಿ ಗೇಜ್ ಎಳೆಯುವುದು. ತಣ್ಣನೆಯ ಆಯಿಲ್ ಗಟ್ಟಿ. ಪಂಪ್ ಅದನ್ನು ಮೇಲೆ ಎತ್ತಿಹಾಕಿರುತ್ತದೆ, ಇಳಿದು ಬರಲು ಅದಕ್ಕೆ ಬಹಳ ಹೊತ್ತು ಬೇಕು. ಹಳೆಯ ಗಾಡಿಗಳಿಗೆ ಹಾಕುವ 15ಡಬ್ಲ್ಯೂ-40, 20ಡಬ್ಲ್ಯೂ-50 ದರ್ಜೆಯ ದಪ್ಪ ಆಯಿಲಾದರೆ ಇನ್ನೂ ನಿಧಾನ. ನೋಡುವುದಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ನೋಡಿ, ಇಲ್ಲವೇ ಪೂರ್ತಿ ಬಿಸಿಯಾದ ಮೇಲೆ ನಿಲ್ಲಿಸಿ ಕಾದು ನೋಡಿ.

ಇನ್ನು ಜಾಗದ ವಿಚಾರ. ಬಂಕಿನ ಅಂಗಳ ಕಣ್ಣಿಗೆ ಮಟ್ಟವಾಗಿ ಕಂಡರೂ ಮಳೆನೀರು ಹರಿದುಹೋಗಲೆಂದು ಇಳಿಜಾರು ಕೊಟ್ಟೇ ಕಟ್ಟಿರುತ್ತಾರೆ. ಮೀಟರಿಗೆ ಮೂರೂವರೆ ಸೆಂಟಿಮೀಟರ್ ಇಳಿದರೆ ಅದು ಎರಡು ಡಿಗ್ರಿ. ಗೇಜ್ ಇಳಿಯುವ ಜಾಗ ಚೇಂಬರಿನ ನಡುವಿನಿಂದ 12 ಸೆಂ.ಮೀ. ಪಕ್ಕಕ್ಕಿದೆ ಎಂದುಕೊಳ್ಳಿ, ಎರಡು ಡಿಗ್ರಿ ಓರೆಗೆ ಅಲ್ಲಿ ಆಯಿಲ್ ಮಟ್ಟ 4 ಮಿ.ಮೀ.ನಷ್ಟು ಬದಲಾಗುತ್ತದೆ. ಎರಡು ಗುರುತುಗಳ ನಡುವೆ 20 ಮಿ.ಮೀ. ಇದ್ದು, ಅದು ಒಂದು ಲೀಟರಿಗೆ ಸಮ ಎಂದಾದರೆ, 200 ಮಿ.ಲೀ. ತಪ್ಪು ಓರೆಯಿಂದಲೇ ಬಂತು. ಓರೆ ಯಾವ ಕಡೆಗೆ ಎಂಬುದರ ಮೇಲೆ ಕಮ್ಮಿಯೋ ಹೆಚ್ಚೋ ತೋರಿಸುತ್ತದೆ. ಈಗಿನ ಸಣ್ಣ ಕಾರುಗಳಲ್ಲಿ ಇಂಜಿನ್ ಅಡ್ಡಲಾಗಿ ಕೂತಿರುವುದರಿಂದ ಎಡಬಲದ ಓರೆಗೇ ಹೆಚ್ಚು ತಪ್ಪು ಬರುವುದುಂಟು. ಒಂದು ಚಕ್ರ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದ ಕಾರಿನಲ್ಲಿ ಗೇಜ್ ನೋಡಿ ಪ್ರಯೋಜನವಿಲ್ಲ. ದೇವರಾಯನದುರ್ಗ, ನಂದಿ ಬೆಟ್ಟದ ದಾರಿ ಬದಿಯಲ್ಲಿ ನಿಲ್ಲಿಸಿ ನೋಡುವ ಮಾತಂತೂ ಬಿಡಿ.

ಗಾರೆ ಕೆಲಸದವರ ರಸಮಟ್ಟ ಇದ್ದರೆ ಗಾಡಿ ನಿಲ್ಲಿಸುವ ನೆಲದ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಿ. ಮೊಬೈಲಿನ ಮಟ್ಟ ನೋಡುವ ಆ್ಯಪ್ ಕೂಡ ಈ ಕೆಲಸಕ್ಕೆ ಸಾಕು; ಆದರೆ ಫೋನನ್ನು ನೇರ ನೆಲಕ್ಕಿಡದೆ ಒಂದು ಉದ್ದನೆಯ ನೆಟ್ಟಗಿನ ಹಲಗೆಯ ಮೇಲಿಡಿ. ಮನೆ ಮುಂದೆ ಮಟ್ಟದ ಜಾಗವೇ ಇಲ್ಲ ಎನ್ನುವವರಿಗೂ ಉಪಾಯವಿದೆ. ಅದೇ ಜಾಗದಲ್ಲಿ ಗಾಡಿಯನ್ನು ಒಮ್ಮೆ ಮುಖ ಮಾಡಿ, ಇನ್ನೊಮ್ಮೆ ತಿರುಗಿಸಿ ನಿಲ್ಲಿಸಿ, ಎರಡು ಸಲವೂ ಅಷ್ಟೇ ಹೊತ್ತು ಕಾದು ನೋಡಿ. ಎರಡು ಅಳತೆಗಳ ನಡುವಿನ ಬಿಂದುವೇ ನಿಜಕ್ಕೆ ಹತ್ತಿರ. ಒಮ್ಮೆ ಹೀಗೆ ಲೆಕ್ಕ ಸಿಕ್ಕಿದರೆ ಮುಂದೆ ಒಂದೇ ದಿಕ್ಕಿನಲ್ಲಿ ನಿಲ್ಲಿಸಿ ಆ ವ್ಯತ್ಯಾಸವನ್ನು ಕೂಡಿಸಿಯೋ ಕಳೆದೋ ಓದಬಹುದು.

ಗೇಜ್ ಎಳೆಯುವುದರಲ್ಲೂ ಕ್ರಮವಿದೆ. ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆಯಿರಿ. ಕೆಲವು ಗಾಡಿಗಳ ರೇಡಿಯೇಟರ್ ಫ್ಯಾನ್ ಇಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗುತ್ತದೆ. ಸೆರಗು, ಟವೆಲ್ ಅದರ ಹತ್ತಿರ ಬೇಡ. ಗೇಜಿನ ಕೊಳವೆ ಎಷ್ಟೋ ಸಲ ಇಂಜಿನ್‌ನಿಂದ ಹೊಗೆ ಹೊರಬರುವ ಬಿಸಿ ಪೈಪಿನ ಪಕ್ಕದಲ್ಲೇ ಇರುವುದರಿಂದ ಕೈ ಸುಡುವುದೂ ಉಂಟು. ಗೇಜ್ ಎಳೆಯುವ ಮೊದಲು ಕೊಳವೆಯ ಬಾಯಿ ಒರೆಸಿ. ಕ್ರಷರ್ ಧೂಳಿನ ನಮ್ಮ ಸೀಮೆಯಲ್ಲಿ ಬಾಯಿಗೆ ಮೆತ್ತಿದ ಮಣ್ಣು ನೇರವಾಗಿ ಚೇಂಬರಿಗೆ ಬೀಳುತ್ತದೆ, ಬೇರಿಂಗಿಗೆ ಅದು ಉಜ್ಜುಕಾಗದವಿದ್ದ ಹಾಗೆ.

ಮೊದಲ ಸಲ ಎಳೆದದ್ದನ್ನು ಓದಬೇಡಿ. ಇಂಜಿನ್ ಓಡುವಾಗ ಆಯಿಲ್ ಚಿಮ್ಮಿ ಕಡ್ಡಿಗೂ ಕೊಳವೆಯ ಒಳಗೋಡೆಗೂ ಮೆತ್ತಿರುತ್ತದೆ. ಅಲ್ಲದೆ ಗೇಜಿನ ತಲೆಯಲ್ಲಿರುವ ರಬ್ಬರ್ ರಿಂಗ್ ಬಿಗಿಯಾಗಿದ್ದರೆ ಕೊಳವೆಯೊಳಗೆ ಗಾಳಿ ಸಿಕ್ಕಿಕೊಂಡು, ಅಲ್ಲಿನ ಆಯಿಲ್ ಚೇಂಬರಿನ ಮಟ್ಟಕ್ಕೆ ಸರಿಯಾಗಿ ಬಂದಿರುವುದಿಲ್ಲ. ಗೇಜ್ ಹೊರತೆಗೆದು ಒಂದೆರಡು ನಿಮಿಷ ಹಾಗೇ ಬಿಟ್ಟರೆ ಗಾಳಿ ಸಮವಾಗುತ್ತದೆ. ಅಷ್ಟರಲ್ಲಿ ಕಡ್ಡಿಯನ್ನು ಪೂರ್ತಿ ಒರೆಸಿ. ಗ್ಯಾರೇಜಿನಲ್ಲಿ ಒರೆಸಲು ಬಳಸುವ ಬನಿಯನ್ ವೇಸ್ಟ್‌ನ ಎಳೆ ಅಂಟಿಕೊಂಡು ಒಳಗೆ ಹೋದರೆ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಪಂಚೆಯ ತುಂಡು ಅಥವಾ ಟಿಶ್ಯೂ ಒಳ್ಳೆಯದು.

ನಂತರ ಕಡ್ಡಿಯನ್ನು ಮೊದಲಿದ್ದ ಮುಖದಲ್ಲೇ ತಲೆ ಪೂರ್ತಿ ಕೂರುವವರೆಗೆ ಒತ್ತಿ. ಅರ್ಧ ಸೆಂಟಿಮೀಟರ್ ಮೇಲೆ ನಿಂತರೂ ಅಷ್ಟು ಆಯಿಲ್ ಕಮ್ಮಿ ಕಾಣುತ್ತದೆ. ಬಂಕುಗಳಲ್ಲಿ ಕೆಲವರು ಕೈಚಳಕ ತೋರಿಸುವುದು ಇಲ್ಲೇ: ಕಡ್ಡಿಯನ್ನು ಒತ್ತಿದಂತೆ ಮಾಡಿ ಪೂರ್ತಿ ಇಳಿಸುವುದಿಲ್ಲ. ಗಾಡಿಯಿಂದ ಇಳಿದು ನಿಂತು ನೋಡುವವರ ಮುಂದೆ ಇದು ನಡೆಯುವುದಿಲ್ಲ. ಎರಡು ಸೆಕೆಂಡ್ ಬಿಟ್ಟು ನೇರವಾಗಿ ಎಳೆಯಿರಿ, ತುದಿ ಕೆಳಗಿರಲಿ. ತುದಿ ಮೇಲೆ ಮಾಡಿ ಹಿಡಿದರೆ ಆಯಿಲ್ ಕಡ್ಡಿಯ ಮೇಲೆ ಹಿಂದಕ್ಕೆ ಹರಿದು ‘ಫುಲ್ ಇದೆ’ ಎನ್ನಿಸುತ್ತದೆ.

ಕಡ್ಡಿಯ ಎರಡೂ ಮುಖ ನೋಡಿ. ಕೊಳವೆ ಬಾಗಿರುವ ಗಾಡಿಗಳಲ್ಲಿ ಒಂದು ಮುಖ ಗೋಡೆಗೆ ಉಜ್ಜಿಕೊಂಡು ಬಂದು, ಅದರ ಮೇಲೆ ಆಯಿಲ್ ಉದ್ದಕ್ಕೆ ಎಳೆದಿರುತ್ತದೆ. ಎರಡರಲ್ಲಿ ಯಾವುದು ಕೆಳಗಿದೆಯೋ, ಎಲ್ಲಿಯವರೆಗೆ ಅಗಲ ಪೂರ್ತಿ ಒದ್ದೆಯಾಗಿದೆಯೋ ಅದೇ ಮಟ್ಟ. ಅಂಚಿನಲ್ಲಿ ಮೇಲೆ ಹೋದ ಗೆರೆ, ಬಿಡಿ ಹನಿ ಲೆಕ್ಕಕ್ಕಿಲ್ಲ. ಹೊಸ ಆಯಿಲ್ ನೀರಿನಂತೆ ತಿಳಿಯಾಗಿ ಕಣ್ಣಿಗೇ ಕಾಣುವುದಿಲ್ಲ ಎನ್ನುವವರು ಕಡ್ಡಿಯನ್ನು ದಿನಪತ್ರಿಕೆಯ ಖಾಲಿ ಅಂಚಿನ ಮೇಲೆ ಚಪ್ಪಟೆಯಾಗಿ ಒಮ್ಮೆ ಒತ್ತಲಿ. ಕಾಗದದ ಮೇಲೆ ಒದ್ದೆಯ ಅಚ್ಚು ಮೂಡುತ್ತದೆ, ಪಕ್ಕದಲ್ಲಿ ಗೇಜಿನ ಗುರುತುಗಳನ್ನು ಪೆನ್ನಿನಿಂದ ಹಾಕಿಕೊಂಡರೆ ಅನುಮಾನವೇ ಇರುವುದಿಲ್ಲ. ಎರಡು ಸಲ ಒಂದೇ ಅಳತೆ ಬರುವವರೆಗೆ ಒರೆಸಿ ಅದ್ದಿ ನೋಡಿ. ಆ ಎರಡೂ ಒಂದಕ್ಕೊಂದು ಹೊಂದದಿದ್ದರೆ ಕೊಳವೆಯ ಗೋಡೆಯಿಂದ ಆಯಿಲ್ ಇನ್ನೂ ಇಳಿಯುತ್ತಿದೆ ಎಂದು ತಿಳಿದು ಮತ್ತಷ್ಟು ಕಾಯಿರಿ.

ಎರಡು ಗುರುತುಗಳ ನಡುವೆ ಎಲ್ಲಿದ್ದರೂ ಇಂಜಿನ್‌ಗೆ ತೊಂದರೆಯಿಲ್ಲ. ಮ್ಯಾಕ್ಸ್‌ಗೇ ತರಬೇಕು ಎಂಬ ಹಟ ಬೇಡ. ನಡುವಿಗಿಂತ ಕೆಳಗಿದ್ದು ದೂರ ಪ್ರಯಾಣವಿದ್ದರೆ 200 ಮಿ.ಲೀ. ಹಾಕಿ, ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಮಿನ್ ಗುರುತಿನಲ್ಲೇ ಇದ್ದರೆ ಅರ್ಧ ಲೀಟರ್ ಹಾಕಿ ನೋಡಿದ ಮೇಲೆ ಉಳಿದದ್ದರ ಮಾತು. ಡಬ್ಬದ ಪಕ್ಕದಲ್ಲಿರುವ ಪಾರದರ್ಶಕ ಪಟ್ಟಿಯಲ್ಲಿ ಎಷ್ಟು ಇಳಿಯಿತು ಎಂದು ಕಾಣುತ್ತದೆ. ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿ. ತೆಳುವಾದ 0ಡಬ್ಲ್ಯೂ-20 ಬೇಕಾದ ಇಂಜಿನ್‌ಗೆ ಅಂಗಡಿಯಲ್ಲಿ ಸಿಕ್ಕಿದ 20ಡಬ್ಲ್ಯೂ-50 ಸುರಿಯುವುದು ಸರಿಯಲ್ಲ. ಆದರೆ ನಡುದಾರಿಯಲ್ಲಿ ಮಿನ್‌ಗಿಂತ ಕೆಳಗಿಳಿದು ಬೇರೇನೂ ಸಿಗದಿದ್ದರೆ, ಹತ್ತಿರದ ದರ್ಜೆಯ ಇಂಜಿನ್ ಆಯಿಲ್ ಹಾಕಿ ಊರು ಸೇರುವುದೇ ಮೇಲು.

ಹೆಚ್ಚಾದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಮ್ಯಾಕ್ಸ್ ದಾಟಿ ಏರಿದ ಆಯಿಲನ್ನು ತಿರುಗುವ ಕ್ರ್ಯಾಂಕ್‌ಶಾಫ್ಟ್ ಬಡಿದು ನೊರೆ ಎಬ್ಬಿಸುತ್ತದೆ. ನೊರೆಯಲ್ಲಿರುವುದು ಗಾಳಿ. ಪಂಪ್ ಅದನ್ನು ಎಳೆದರೆ ಬೇರಿಂಗಿಗೆ ಬೇಕಾದ ಒತ್ತಡ ಸಿಗುವುದಿಲ್ಲ, ಆಯಿಲ್ ಒತ್ತಡದಿಂದ ವಾಲ್ವ್ ಸಂದು ಸರಿಮಾಡುವ ಹೈಡ್ರಾಲಿಕ್ ಲಿಫ್ಟರ್ ಇರುವ ಇಂಜಿನ್‌ಗಳಲ್ಲಿ ಟಕಟಕ ಎನ್ನುವ ಟ್ಯಾಪೆಟ್ ಸದ್ದು ಶುರುವಾಗುತ್ತದೆ. ಇಂಜಿನ್‌ನೊಳಗಿನ ಆವಿ ಹೋಗುವ ಬ್ರೀದರ್ ಪೈಪಿನ ಮೂಲಕ ಆಯಿಲ್ ಆವಿ ಏರ್ ಪೈಪಿಗೆ ಹೋಗಿ ನೀಲಿ ಹೊಗೆ ಬರುತ್ತದೆ, ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಡೀಸೆಲ್ ಇಂಜಿನ್‌ನಲ್ಲಿ ಇದು ವಿಪರೀತಕ್ಕೆ ಹೋದರೆ ಕೀ ತೆಗೆದರೂ ಇಂಜಿನ್ ತನ್ನದೇ ಆಯಿಲ್ ಸುಟ್ಟುಕೊಂಡು ಓಡಬಹುದು. ಮ್ಯಾಕ್ಸ್ ಗೆರೆಯಿಂದ ಕೂದಲೆಳೆಯಷ್ಟು ಮೇಲಿದ್ದರೆ ಹೆದರಬೇಕಿಲ್ಲ. ಸ್ಪಷ್ಟವಾಗಿ ಮೇಲಿದ್ದರೆ ಹೊರತೆಗೆಸಲೇಬೇಕು. ಗೇಜಿನ ಕೊಳವೆಯಲ್ಲಿ ಸಣ್ಣ ಪ್ಲಾಸ್ಟಿಕ್ ನಳಿಕೆ ಇಳಿಸಿ ದೊಡ್ಡ ಸಿರಿಂಜಿನಿಂದ ಎಳೆಯುವುದು ಸುಲಭದ ದಾರಿ. ಕೆಳಗಿನ ಡ್ರೈನ್ ಬೋಲ್ಟ್ ಸಡಿಲಿಸಿ ಬಿಸಿ ಆಯಿಲ್ ಬಿಡುವ ಸಾಹಸ ಮನೆಯಲ್ಲಿ ಬೇಡ. ಅದರ ವಾಷರ್ ಕೂಡ ಬದಲಿಸಬೇಕಾಗುತ್ತದೆ.

ಏನೂ ಹಾಕದೆಯೇ ಮಟ್ಟ ಏರಿದೆ ಎಂದರೆ ಅದು ಬೇರೆಯೇ ಕಾಯಿಲೆ, ಕಮ್ಮಿಯಾಗುವುದಕ್ಕಿಂತ ಅಪಾಯದ್ದು. 2020ರ ಏಪ್ರಿಲ್‌ನಿಂದ ಬಂದ, ಬಿಎಸ್-6 ಹೊಗೆ ನಿಯಮದ ಡೀಸೆಲ್ ಕಾರುಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಇದೆ. ತುಂಬಿದ ಮಸಿಯನ್ನು ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಹೆದ್ದಾರಿಯಲ್ಲಿ ಒಂದೇ ಸಮ ಓಡಿದರೆ ಈ ಕೆಲಸ ಮುಗಿಯುತ್ತದೆ. ಬಿ.ಎಚ್. ರಸ್ತೆಯಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಷ್ಟೇ ಓಡುವ ಕಾರಿನಲ್ಲಿ ಅದು ಅರ್ಧಕ್ಕೇ ನಿಂತು, ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಪಿಸ್ಟನ್ ರಿಂಗ್ ದಾಟಿ ಚೇಂಬರಿಗೆ ಇಳಿಯುತ್ತದೆ. ಗೇಜ್ ಫುಲ್ ತೋರಿಸುತ್ತದೆ, ಆದರೆ ಒಳಗಿರುವುದು ತೆಳುವಾದ ಆಯಿಲ್. ಬೆರಳಿಗೆ ಸವರಿ ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ಇದಕ್ಕೆ ಹೆಚ್ಚಾದದ್ದನ್ನು ಎಳೆದು ಸಮಮಾಡುವುದು ಪರಿಹಾರವಲ್ಲ. ಆಯಿಲ್, ಫಿಲ್ಟರ್ ಎರಡೂ ಬದಲಿಸಿ ಕಾರಣ ನೋಡಿಸಬೇಕು. ಇಂಥ ಕಾರಿಗೆ ಡಿಪಿಎಫ್‌ಗೆ ಹೊಂದುವ ಕಡಿಮೆ ಬೂದಿಯ ಆಯಿಲನ್ನೇ ಕೇಳಿ ಹಾಕಿಸಿ. ಕಡ್ಡಿಯ ಮೇಲೆ ಹಾಲು ಹಾಕಿದ ಕಾಫಿಯ ಬಣ್ಣದ ಗಟ್ಟಿ ಆಯಿಲ್ ಕಂಡು, ರೇಡಿಯೇಟರಿನ ಕೂಲೆಂಟೂ ಇಳಿದಿದ್ದರೆ ಗಾಡಿ ಸ್ಟಾರ್ಟ್ ಮಾಡದೆ ಎಳೆದುಕೊಂಡು ಹೋಗಿ. ಚಳಿಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳದಡಿ ಮಾತ್ರ ಬಿಳಿ ಕೆನೆ ಇದ್ದು ಗೇಜ್ ಸ್ವಚ್ಛವಾಗಿದ್ದರೆ ಅದು ಸಾಮಾನ್ಯವಾಗಿ ಹತ್ತಿರದ ಓಡಾಟದಿಂದ ಕಟ್ಟಿದ ತೇವ. ಡೀಸೆಲ್ ಇಂಜಿನ್ ಆಯಿಲ್ ಕೆಲವೇ ನೂರು ಕಿಲೋಮೀಟರ್‌ಗೆ ಕಪ್ಪಾಗುವುದು ಸಹಜ, ಬಣ್ಣ ನೋಡಿ ಬದಲಿಸುವ ಅಗತ್ಯವಿಲ್ಲ.

ಆಯಿಲ್ ಬದಲಿಸಿದ ದಿನದ ಅಳತೆಗೂ ಒಂದು ಮಾತು. ಹೊಸ ಫಿಲ್ಟರ್ ಖಾಲಿ ಇರುತ್ತದೆ, 200–300 ಮಿ.ಲೀ. ಅದೇ ಕುಡಿಯುತ್ತದೆ. ಸುರಿದ ತಕ್ಷಣ ಮ್ಯಾಕ್ಸ್ ಕಂಡದ್ದು, ಒಂದು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿ ಕಾದರೆ ಕೆಳಗಿಳಿದಿರುತ್ತದೆ. ಆಮೇಲೆ ನೋಡಿದ್ದೇ ಲೆಕ್ಕ. ಗೇಜಿನ ಮೇಲೇ ಅನುಮಾನವಿದ್ದರೆ ಅದನ್ನು ಪರೀಕ್ಷಿಸಲೂ ಇದೇ ಸಮಯ. ಹಳೆಯ ಕಾರುಗಳಲ್ಲಿ ಬೇರೆ ಮಾಡೆಲಿನ ಗೇಜ್ ತಂದು ತುರುಕಿರುತ್ತಾರೆ, ಕೊಳವೆ ಬುಡದಲ್ಲಿ ಸಡಿಲವಾಗಿರುತ್ತದೆ, ಪ್ಲಾಸ್ಟಿಕ್ ತುದಿ ಬಿಸಿಗೆ ಪೆಳಸಾಗಿ ಮುರಿದು ಚೇಂಬರಿಗೆ ಬಿದ್ದಿರುತ್ತದೆ. ಹಳೆಯ ಆಯಿಲ್ ಪೂರ್ತಿ ಬಸಿದ ಮೇಲೆ, ಪುಸ್ತಕದಲ್ಲಿ ‘ಫಿಲ್ಟರ್ ಸಹಿತ’ ಎಂದು ಕೊಟ್ಟ ಪ್ರಮಾಣವನ್ನು ಅಳೆದು ಹಾಕಿ, ಒಂದು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು ನೋಡಿ. ಆಯಿಲ್ ಮ್ಯಾಕ್ಸ್ ಹತ್ತಿರ ನಿಲ್ಲಬೇಕು. ಬಹಳ ಬೇರೆ ಕಡೆ ನಿಂತರೆ ಗೇಜ್ ಆ ಇಂಜಿನ್‌ದಲ್ಲ. ಸರಿಯಾದ ಗೇಜ್ ತರಿಸುವವರೆಗೆ ಆಯಿಲ್ ನಿಂತ ಜಾಗಕ್ಕೆ ಅರದಿಂದ ಸಣ್ಣ ಗೀರು ಹಾಕಿಕೊಂಡರೆ ಕೆಲಸ ನಡೆಯುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಗೇಜ್ ನೋಡದವರೇ ಹೆಚ್ಚು. ಆಯಿಲ್ ಕ್ಯಾನಿನ ಚಿತ್ರದ ಆ ದೀಪ ಮಟ್ಟವನ್ನು ಅಳೆಯುವುದಿಲ್ಲ, ಒತ್ತಡವನ್ನು ಅಳೆಯುತ್ತದೆ. ಒತ್ತಡ ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿಗೋ ಅದಕ್ಕೂ ಕೆಳಗೋ ಬಿದ್ದಾಗಲೇ ಅದು ಹತ್ತುವುದು. ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಮಿಣುಕಿ ಆರಿದರೆ ಪಂಪಿನ ಬಾಯಿ ಆಯಿಲ್ ಬಿಟ್ಟು ಗಾಳಿ ಎಳೆಯಿತು ಎಂದೇ ತಿಳಿಯಿರಿ. ದೀಪ ಹತ್ತಿ ನಿಂತರೆ ಪಕ್ಕಕ್ಕೆ ತೆಗೆದು ಕೂಡಲೇ ಆಫ್ ಮಾಡಬೇಕು. ‘ಮುಂದಿನ ಊರಿನವರೆಗೆ ಹೋಗೋಣ’ ಎಂದವರ ಇಂಜಿನ್ ಸೀಜ್ ಆಗುತ್ತದೆ, ಕ್ರ್ಯಾಂಕ್ ಕೆಲಸಕ್ಕೆ ಆಗುವ ಖರ್ಚಿನ ಮುಂದೆ ಎಷ್ಟೋ ವರ್ಷದ ಆಯಿಲ್ ಲೆಕ್ಕಕ್ಕೇ ಇಲ್ಲ. ತಿಂಗಳಿಗೆರಡು ಸಲ, ದೂರ ಹೊರಡುವ ಮುನ್ನ ಒಮ್ಮೆ ಗೇಜ್ ನೋಡಿ, ದಿನಾಂಕ, ಕಿಲೋಮೀಟರ್, ಮಟ್ಟ, ಹಾಕಿದ ಪ್ರಮಾಣ ಬರೆದಿಟ್ಟುಕೊಳ್ಳಿ. 5,000 ಕಿ.ಮೀ.ಗೆ ಒಂದು ಲೀಟರ್ ಹಾಕಬೇಕಾಯಿತು ಎಂದರೆ ಸಾವಿರಕ್ಕೆ 200 ಮಿ.ಲೀ.; ಅದು ಹಾಗೇ ಇದೆಯೋ, ಏರುತ್ತಿದೆಯೋ ಎಂಬುದೇ ಮೆಕ್ಯಾನಿಕ್‌ಗೆ ಬೇಕಾದ ಸುಳಿವು. ‘ಆಯಿಲ್ ತಿನ್ನುತ್ತೆ’ ಎಂದಷ್ಟೇ ಹೇಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಕೊನೆಯದಾಗಿ ಎರಡು ಕೋರಿಕೆ. ಬಂಕ್ ನಡೆಸುವವರು ಗಾಳಿ ತುಂಬಿಸುವ ಜಾಗದ ಪಕ್ಕದಲ್ಲಿ ರಸಮಟ್ಟ ಇಟ್ಟು ನೋಡಿದ ಒಂದು ಕಾರಿನಷ್ಟು ಜಾಗಕ್ಕೆ ಬಣ್ಣ ಬಳಿಸಲಿ, ಐದು ನಿಮಿಷ ಕಾಯಿಸಿ, ಗಿರಾಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಗೇಜ್ ಎಳೆಯಲಿ. ಹಾಗೆ ಕಾಯುವಷ್ಟು ಪುರಸೊತ್ತು ಇಲ್ಲದವರಿಗೆ ಆಯಿಲ್ ಮಾರದಿರಲಿ. ಎರಡನೆಯದು ಡ್ರೈವಿಂಗ್ ಸ್ಕೂಲ್‌ಗಳಿಗೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ ಈ ಸ್ಕೂಲ್‌ಗಳಿಗೆ ನಿಗದಿಯಾದ ಪಠ್ಯದಲ್ಲಿ ವಾಹನದ ಯಂತ್ರ ಮತ್ತು ರಿಪೇರಿ ಎಂಬ ಭಾಗವೇ ಇದೆ. ಕ್ಲಚ್, ಎಚ್ ಟ್ರ್ಯಾಕ್ ಕಲಿಸಿ ಬಾನೆಟ್ ಎತ್ತದೆಯೇ ಕಲಿಯುವವರನ್ನು ಪರೀಕ್ಷೆಗೆ ಕಳುಹಿಸುವುದು ನಡೆದೇ ಇದೆ. ತುಮಕೂರು (ಕೆಎ-06), ಕೋಲಾರ (ಕೆಎ-07), ಚಿಕ್ಕಬಳ್ಳಾಪುರ (ಕೆಎ-40) ಸಾರಿಗೆ ಕಚೇರಿಗಳ ಅಧಿಕಾರಿಗಳು ಪರೀಕ್ಷೆಯ ದಿನ ಅಭ್ಯರ್ಥಿಯ ಕೈಗೆ ಒಂದು ಬಟ್ಟೆ ಕೊಟ್ಟು, ‘ಆಯಿಲ್ ಎಷ್ಟಿದೆ ನೋಡಿ ಹೇಳಿ’ ಎಂದು ಕೇಳಲಿ. ಅರ್ಧ ತಿಂಗಳೊಳಗೆ ಎಲ್ಲ ಸ್ಕೂಲ್‌ಗಳೂ ಕಲಿಸಲು ಶುರುಮಾಡುತ್ತವೆ.

ಇಂತಿ,
ಕಾರು ಮೆಕ್ಯಾನಿಕ್‌ಗಳು,
ತುಮಕೂರು